ಭಾವನ ಝೆನ್ ಸಾಧನೆ

ಬೆಂಗಳೂರಿನಲ್ಲಿ ವೇಗದ ಕಾರು ನೋಡಬೇಕೆನ್ನುವವರು ರಸ್ತೆಗೆ ಹೋಗಿ ಪ್ರಯೋಜನವಿಲ್ಲ, ನಮ್ಮ ಭಾವನ ಮನೆಗೆ ಹೋಗಬೇಕು. ಹನುಮಂತನಗರದ ಆ ಮನೆಯ ಪೋರ್ಟಿಕೋದಲ್ಲಿ 1997ರ ಮಾರುತಿ ಝೆನ್ ಒಂದು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ, ನೆಲ ಸೋಕದಂತೆ, ತಪಸ್ಸಿಗೆ ನಿಂತಿದೆ. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿಕೊಂಡಿರುತ್ತವೆ. ಒಂದರ ಹವಾಯಿ ಚಪ್ಪಲಿಗೆ ಪಿನ್ನು ಹಾಕಿದ್ದರೆ ಅದು ಭಾವ ಎಂದು ತಿಳಿಯಬೇಕು. ವರ್ಷಗಟ್ಟಲೆಯಿಂದ ನಾನು ಆ ಕಾಲುಗಳ ಜೊತೆಯೇ ಮಾತಾಡಿಕೊಂಡು ಬಂದಿದ್ದೇನೆ. ಮುಖದರ್ಶನ ಹಬ್ಬ ಹರಿದಿನಕ್ಕೆ ಮಾತ್ರ.

"ಯಾರು?"

"ನಾನೇ ಭಾವ."

"ಬಂದ್ಯಾ? ಆ ಹದಿನಾಲ್ಕರ ಸ್ಪಾನರ್ ಕೊಡು."

ಕುಶಲೋಪರಿ ಅಲ್ಲಿಗೆ ಮುಗಿಯಿತು.

ಈ ಸ್ಪಾನರ್ ವಿಷಯ ಸಣ್ಣದಲ್ಲ. ಅವರ ತಂದೆ ಅಂಬಾಸಿಡರ್ ಇಟ್ಟಿದ್ದವರು. ಆ ಕಾಲದ ಸ್ಪಾನರ್‌ಗಳೆಲ್ಲ ಇಂಚಿನ ಲೆಕ್ಕದವು, ಅರ್ಧ, ಒಂಬತ್ತು ಹದಿನಾರಂಶ ಅಂತ. ಝೆನ್ ಜಪಾನಿನ ಸಂತತಿ, ಮಿಲಿಮೀಟರ್ ಬಿಟ್ಟರೆ ಬೇರೇನೂ ಒಪ್ಪುವುದಿಲ್ಲ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳು ಇದ್ದರೆ ಮುಕ್ಕಾಲು ಕಾರು ಬಿಚ್ಚಬಹುದು. ಪಿತ್ರಾರ್ಜಿತ ಪೆಟ್ಟಿಗೆ ಹಾಗಾಗಿ ಅಟ್ಟ ಸೇರಿತು, ಸ್ವಯಾರ್ಜಿತ ಪೆಟ್ಟಿಗೆ ಹಾಲ್ ಸೇರಿತು.

ಝೆನ್ನೇ ಯಾಕೆ ಎಂದು ಕೇಳಿ ನಾನೊಮ್ಮೆ ಕೆಟ್ಟೆ. ಕಾಲುಗಳು ಉಪನ್ಯಾಸ ಶುರುಮಾಡಿದವು. 1993ರಲ್ಲಿ ಬಂದ ಕಾರು. 993 ಸಿ.ಸಿ., 50 ಅಶ್ವಶಕ್ತಿ, ತೂಕ ಏಳೂವರೆ ಕ್ವಿಂಟಾಲಿನ ಆಸುಪಾಸು. ಇಲ್ಲಿಂದಲೇ ಯುರೋಪಿಗೆ ಹೋಗಿ ಅಲ್ಲಿ ಸುಜುಕಿ ಆಲ್ಟೊ ಅಂತ ಹೆಸರು ಬದಲಾಯಿಸಿಕೊಂಡು ಮಾರಾಟವಾಯಿತು. "ಕಾರಿನ ಮಜಾ ಅಶ್ವಶಕ್ತಿಯಲ್ಲಿಲ್ಲ ಕಣೋ, ಅಶ್ವಶಕ್ತಿಯನ್ನ ತೂಕದಿಂದ ಭಾಗಿಸಿದಾಗ ಬರೋ ಉತ್ತರದಲ್ಲಿದೆ" ಎಂದರು ಭಾವ. ಭಾಗಾಕಾರದಲ್ಲಿ ನಾನು ಮೊದಲಿನಿಂದಲೂ ಹಿಂದೆ, ಸುಮ್ಮನಾದೆ.

ಝೆನ್ ಎಂದರೆ 'ಝೀರೋ ಎಂಜಿನ್ ನಾಯ್ಸ್' ಎಂದು ಆಗೆಲ್ಲ ಜನ ಬಿಡಿಸಿ ಹೇಳುತ್ತಿದ್ದರು. ಅಂಥ ಮೌನಿಗೆ ಭಾವ ಮೊಟ್ಟಮೊದಲು ಮಾಡಿದ ಸಂಸ್ಕಾರ ಸೈಲೆನ್ಸರ್ ಬದಲಾವಣೆ. ಒಳಗಿನ ಅಡ್ಡತಡೆಗಳನ್ನೆಲ್ಲ ತೆಗೆದರೆ ಹೊಗೆ ಸಲೀಸಾಗಿ ಹೊರಟುಹೋಗುತ್ತದೆ, ಎಂಜಿನ್ನು ಹಗುರಾಗಿ ಉಸಿರಾಡುತ್ತದೆ ಎನ್ನುವುದು ಸಿದ್ಧಾಂತ. ಸಿದ್ಧಾಂತ ಸುಳ್ಳಲ್ಲ, ಆದರೆ ಇಷ್ಟು ಸಣ್ಣ ಎಂಜಿನ್ನಿನಲ್ಲಿ ಶಕ್ತಿ ಒಂದು ಚಮಚ ಹೆಚ್ಚಾದರೆ ಸದ್ದು ಒಂದು ಕೊಳಗ ಹೆಚ್ಚಾಗುತ್ತದೆ. ಆ ಸದ್ದಿಗೆ ಮೋಸಹೋದ ಮನುಷ್ಯ 40ರಲ್ಲಿ ಹೋಗುತ್ತಿದ್ದರೂ 80ರಲ್ಲಿದ್ದೇನೆ ಅಂದುಕೊಳ್ಳುತ್ತಾನೆ. ಎಷ್ಟು ಶಕ್ತಿ ಹೆಚ್ಚಾಯಿತು ಅಂತ ಕೇಳಿದೆ. "ಎಂಟು ಕುದುರೆ" ಎಂದರು. ಎಲ್ಲಿ ಅಳೆಸಿದಿರಿ ಅಂದೆ. "ಅಳೆಸೋದು ಯಾಕೆ, ಬೆನ್ನಿಗೆ ಗೊತ್ತಾಗಲ್ವಾ?" ಪಕ್ಕದ ಮನೆಯ ಅಜ್ಜಿಗಂತೂ ಎದೆಗೇ ಗೊತ್ತಾಗಿತ್ತು.

ಆಮೇಲೆ ಬಂತು ಎಂಜಿನ್ ಪ್ರಕರಣ. ಒಂದು ಭಾನುವಾರ ಶಿವಾಜಿನಗರದ ಗುಜರಿಯಿಂದ ಗೂಡ್ಸ್ ಆಟೋದಲ್ಲಿ ಎಸ್ಟೀಮ್ ಕಾರಿನ ಎಂಜಿನ್ನೊಂದು ಗೋಣಿಚೀಲ ಹೊದ್ದುಕೊಂಡು ಮನೆ ತುಂಬಿತು. 1298 ಸಿ.ಸಿ., 85 ಅಶ್ವಶಕ್ತಿ. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಆರತಿ ತಟ್ಟೆ ಇಲ್ಲದೆ. ಎರಡೂ ಸುಜುಕಿಯ 'ಜಿ' ವಂಶದ ಎಂಜಿನ್ನುಗಳೇ, ಒಂದೇ ಗೋತ್ರ, ಕೂರಿಸುವುದು ಕಷ್ಟವಿಲ್ಲ ಎಂದು ಭಾವ ಅವಳಿಗೆ ವಿವರಿಸಿದರು.

"ಸಗೋತ್ರದಲ್ಲಿ ಸಂಬಂಧ ಮಾಡ್ತಾರೇನ್ರೀ?" ಎಂದಳು ಅಕ್ಕ.

ಅವಳ ಬಾಯಿಂದ ಅದು ಯಾವ ಗಳಿಗೆಯಲ್ಲಿ ಬಂತೋ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ, ಆರ್‌ಸಿಯಲ್ಲಿ ನಮೂದಾಗಿದ್ದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಅದೇ ವರ್ಷ ಕಾನೂನಿಗೆ ತಿದ್ದುಪಡಿಯಾಗಿ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಅಕ್ಕ ಹಾಲಿನ ಲೆಕ್ಕದ ಪುಸ್ತಕ ತಂದು ಪೋರ್ಟಿಕೋದ ಮೆಟ್ಟಿಲ ಮೇಲೆ ಕೂತಳು. "ಸೈಲೆನ್ಸರ್ ಒಂದು. ತಗ್ಗಿಸಿರೋ ಸ್ಪ್ರಿಂಗ್ ಎರಡು. ಅಗಲದ ಟೈರು ಮೂರು. ಎಂಜಿನ್ನು ಹಾಕಿದ್ರೆ ನಾಲ್ಕು. ಇಪ್ಪತ್ತು ಸಾವಿರ. ಜೈಲಾದ್ರೆ ಊಟಕ್ಕೆ ಅಲ್ಲೇ ಕೊಡ್ತಾರಂತೆ, ಅದು ಉಳಿತಾಯದ ಬಾಬ್ತು." ಕಾರಿನ ಕೆಳಗಿನ ಕಾಲುಗಳು ಅವತ್ತು ಏನೂ ಮಾತಾಡಲಿಲ್ಲ.

ಎಂಜಿನ್ನು ಮಹಡಿ ಮೆಟ್ಟಿಲ ಕೆಳಗೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತಿತು. ಈಗಲೂ ಅಲ್ಲೇ ಇದೆ. ಮೇಲೊಂದು ಹಲಗೆ ಹಾಕಿ ಅಕ್ಕ ಮನಿ ಪ್ಲಾಂಟ್ ಇಟ್ಟಿದ್ದಾಳೆ.

ಹಾಗಾದರೆ ಇರುವ ಎಂಜಿನ್ನನ್ನೇ ಪಳಗಿಸೋಣ ಎಂದು ಭಾವ ಹೊರಟರು. ಸಿಲಿಂಡರ್ ಹೆಡ್ ಬಿಚ್ಚಿ, ಲೇತಿನ ಅಂಗಡಿಯೊಂದಕ್ಕೆ ಒಯ್ದು, ಅರ್ಧ ಮಿಲಿಮೀಟರ್ ಹೆರೆಸಿಕೊಂಡು ಬಂದರು. ಜಾಗ ಕಿರಿದಾದಷ್ಟೂ ಪೆಟ್ರೋಲ್ ಹಬೆಯ ಒತ್ತಡ ಹೆಚ್ಚು, ಹೊಡೆತವೂ ಜೋರು. ಆದರೆ ಬಂಕಿನಲ್ಲಿ ಸಿಗುತ್ತಿದ್ದ 91 ಆಕ್ಟೇನಿನ ಪೆಟ್ರೋಲಿಗೆ ಅಷ್ಟು ಒತ್ತಡ ತಡೆಯುವ ತಾಳ್ಮೆ ಎಲ್ಲಿಯದು? ಪ್ಲಗ್ಗಿನ ಬೆಂಕಿ ಬಂದು ತಲುಪುವ ಮೊದಲೇ ಮೂಲೆಯಲ್ಲಿದ್ದದ್ದು ತಾನಾಗಿ ಹೊತ್ತಿಕೊಳ್ಳುತ್ತದೆ. ದಿಬ್ಬ ಹತ್ತುವಾಗ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂಥ ಶಬ್ದ ಶುರುವಾಯಿತು. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವುದು ಇದಕ್ಕೇ. ಬಿಟ್ಟರೆ ಪಿಸ್ಟನ್ನೇ ತೂತಾದೀತು. ಅದನ್ನು ತಡೆಯಲು ಡಿಸ್ಟ್ರಿಬ್ಯೂಟರ್ ತಿರುಗಿಸಿ ಕಿಡಿಯನ್ನು ತಡಮಾಡಿದರು. ಕಿಡಿ ತಡವಾದರೆ ಶಕ್ತಿ ಇಳಿಯುತ್ತದೆ. ಒಟ್ಟು ಹೆಡ್ ಹೆರೆಸಿದ್ದಕ್ಕೆ ದುಡ್ಡು ಹೋಯಿತು, ಬಂದ ಶಕ್ತಿ ಬಂದ ದಾರಿಯಲ್ಲೇ ಹೋಯಿತು. ಕಾಸಿಗೆ ಕೊಂಡ ಕತ್ತೆಗೆ ಕಾವಲಿಗೊಬ್ಬ ಎನ್ನುವ ಹಾಗೆ ಅಂದಿನಿಂದ ದುಬಾರಿ 95ರ ಪೆಟ್ರೋಲ್ ಕುಡಿಸುವುದು ಅಭ್ಯಾಸವಾಯಿತು.

ಅಡುಗೆಮನೆಯೂ ಈ ಯಜ್ಞದಿಂದ ತಪ್ಪಿಸಿಕೊಂಡಿಲ್ಲ. ಚಕ್ರದ ಬೇರಿಂಗನ್ನು ಅದರ ಗೂಡಿಗೆ ಒತ್ತಿ ಕೂರಿಸಬೇಕು. ಬೇರಿಂಗನ್ನು ತಣ್ಣಗೆ ಮಾಡಿದರೆ ಕೂದಲೆಳೆಯಷ್ಟು ಕುಗ್ಗುತ್ತದೆ, ಗೂಡನ್ನು ಬಿಸಿ ಮಾಡಿದರೆ ಅಷ್ಟೇ ಹಿಗ್ಗುತ್ತದೆ, ಕೆಲಸ ಸುಲಭ. ಆದ್ದರಿಂದ ಬೇರಿಂಗು ಪೇಪರಿನಲ್ಲಿ ಸುತ್ತಿಸಿಕೊಂಡು ರಾತ್ರಿಯಿಡೀ ಫ್ರೀಜರಿನಲ್ಲಿತ್ತು. ಬೆಳಿಗ್ಗೆ ಬಂದ ನಮ್ಮ ಸೋದರತ್ತೆ ಐಸ್ ತೆಗೆಯಲು ಹೋಗಿ, "ಕೋಡುಬಳೇನ ಫ್ರೀಜರಲ್ಲಿ ಇಡ್ತಾರೇನೇ?" ಅಂತ ಕೈಗೆತ್ತಿಕೊಂಡರು. ಕಚ್ಚಲಿಲ್ಲ, ಅವರ ಹಲ್ಲಿನ ಪುಣ್ಯ.

ಆದರೆ ಅಕ್ಕನಿಗೆ ನಿಜವಾದ ಪಾತ್ರ ಇರುವುದು ಬ್ರೇಕಿನ ಗಾಳಿ ತೆಗೆಯುವಾಗ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ, ಕೊಳವೆಯಲ್ಲಿ ಗುಳ್ಳೆ ಹೋಗುವುದನ್ನು ನೋಡಿ, ಮತ್ತೆ ಬಿಗಿ ಮಾಡಬೇಕು. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಒಂದೇ ಒಂದು ಗುಳ್ಳೆ ಉಳಿದರೂ ಪೆಡಲ್ಲು ಇಡ್ಲಿಯ ಮೇಲೆ ಕಾಲಿಟ್ಟಂತೆ ಮೆತ್ತಗಾಗುತ್ತದೆ.

"ಒತ್ತು."

"ಒತ್ತಿದೆ."

"ಹಿಡಕೋ. ಬಿಡಬೇಡ."

"ಹಿಡಕೊಂಡಿದೀನ್ರೀ."

"ಹಾಂ, ಈಗ ಬಿಡು. ಮತ್ತೆ ಒತ್ತು."

ನಿಪ್ಪಲ್ ಬಿಗಿಯಾಗುವ ಮೊದಲು ಪೆಡಲ್ ಬಿಟ್ಟರೆ ಹೋದ ಗಾಳಿ ಅದೇ ದಾರಿಯಲ್ಲಿ ವಾಪಸ್. ಹೋದ ಯುಗಾದಿಯ ಹಿಂದಿನ ದಿನ ಮೂರು ಚಕ್ರ ಮುಗಿದು ನಾಲ್ಕನೆಯದು ನಡೆಯುತ್ತಿರುವಾಗ ಒಳಗೆ ಕುಕ್ಕರ್ ಮೂರನೇ ಸೀಟಿ ಹೊಡೆಯಿತು. ಅಕ್ಕ ಬ್ರೇಕ್ ಬಿಟ್ಟು ಬೇಳೆಯ ಕಡೆ ಓಡಿದಳು. ಕೊಳವೆ ಗುಳುಗುಳು ಎಂದಿತು. ಮೊದಲಿನಿಂದ ಶುರು. ಅವತ್ತು ಕಾರಿನ ಕೆಳಗಿನಿಂದ ಕೇಳಿಬಂದ ಮಾತುಗಳನ್ನು ಹರಟೆಯಲ್ಲಿ ಬರೆಯುವ ಹಾಗಿಲ್ಲ. ಅಕ್ಕನ ಉತ್ತರವನ್ನಂತೂ ಎಲ್ಲಿಯೂ ಬರೆಯುವ ಹಾಗಿಲ್ಲ.

ಈ ವಿಷಯದಲ್ಲಿ ಮಾತ್ರ ಭಾವನನ್ನು ನಾನು ಗೇಲಿ ಮಾಡುವುದಿಲ್ಲ. ಎಂಜಿನ್ನಿಗೆ ಕೈಹಾಕಿ, ಬ್ರೇಕು ಟೈರು ಹಾಗೇ ಬಿಟ್ಟು, ಹಿಂದಿನ ಗಾಜಿಗೆ ಸ್ಟಿಕರ್ ಅಂಟಿಸಿಕೊಂಡು ತಿರುಗುವ ಹುಡುಗರು ಬೇಕಾದಷ್ಟಿದ್ದಾರೆ. ಭಾವ ಹಾಗಲ್ಲ. ಬ್ರೇಕ್ ಆಯಿಲ್ಲು ಮಳೆಗಾಲದ ಹಪ್ಪಳದ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್-4 ಕುದಿಯಲು 230 ಡಿಗ್ರಿಯಾದರೂ ಬೇಕು, ತೇವ ಕುಡಿದದ್ದು 155ರ ಸುಮಾರಿಗೇ ಕುದಿಯಬಹುದು. ಬೆಟ್ಟ ಇಳಿಯುವಾಗ ಅದು ಕುದಿದು ಆವಿಯಾದರೆ ಪೆಡಲ್ಲು ಸೀದಾ ನೆಲಕ್ಕೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾವಣೆ. ಜಾಕಿನ ಮೇಲಷ್ಟೇ ನಿಂತ ಕಾರಿನ ಕೆಳಗೆ ಅವರು ಕೈಯನ್ನೂ ಹಾಕುವವರಲ್ಲ. ತಮ್ಮ ರಕ್ತದೊತ್ತಡದ ಮಾತ್ರೆಯ ವಿಷಯದಲ್ಲಿ ಈ ಶಿಸ್ತಿಲ್ಲ ಎನ್ನುವುದು ಅಕ್ಕನ ದೂರು.

ಐದು ವರ್ಷಕ್ಕೊಮ್ಮೆ ಎಫ್‌ಸಿ ಬರುತ್ತದೆ. ಹದಿನೈದು ವರ್ಷ ದಾಟಿದ ಕಾರಿಗೆ ಈ ಆರೋಗ್ಯ ತಪಾಸಣೆ ತಪ್ಪಿದ್ದಲ್ಲ. 2022ರಲ್ಲಿ ಹೆಣ್ಣು ನೋಡಲು ಬರುತ್ತಾರೆ ಎನ್ನುವ ಮನೆಯ ಸಡಗರವೇ ಅಲ್ಲಿತ್ತು. ಅಟ್ಟದಿಂದ ಹಳೇ ಸೈಲೆನ್ಸರ್ ಇಳಿಯಿತು, ಹಳೇ ಸ್ಪ್ರಿಂಗು, ಕಂಪನಿಯ ಸಣಕಲು ಟೈರು, ಎಲ್ಲ ಮೈಗೇರಿ, ಝೆನ್ನು ತಲೆ ತಗ್ಗಿಸಿ ಪಾಸಾಗಿ ಬಂತು. ದಂಡದ ಲೆಕ್ಕ ಬರೆದಿಟ್ಟಿದ್ದ ಅಕ್ಕ ಕಾರು ಹಾಗೇ ಇರಲಿ ಎಂದಳು. ಭಾವನೂ, ಅಚ್ಚರಿ ಎಂದರೆ, ಹಾಗೇ ಬಿಟ್ಟರು. ಪಕ್ಕದ ಅಜ್ಜಿ ನಿದ್ದೆ ಮಾಡಿದರು.

ಒಮ್ಮೆ ಮಾತ್ರ ನಾನು ಆ ಕಾರಿನಲ್ಲಿ ನಂದಿಬೆಟ್ಟಕ್ಕೆ ಹೋಗಿದ್ದೇನೆ, ತಗ್ಗಿದ ಸ್ಪ್ರಿಂಗಿನ ಕಾಲದಲ್ಲಿ. ತೂಕ ಇಳಿಸಲೆಂದು ಹಿಂದಿನ ಸೀಟು ಕಿತ್ತು ಹಾಕಿದ್ದರು. ಅದರ ಜಾಗದಲ್ಲಿ, ದಾರಿಯಲ್ಲಿ ಏನಾದರೂ ಕೈಕೊಟ್ಟರೆ ಇರಲಿ ಎಂದು, ಸೀಟಿನ ಎರಡರಷ್ಟು ಭಾರದ ಟೂಲ್ಸ್ ಪೆಟ್ಟಿಗೆ. ರಸ್ತೆಯ ಹಂಪಿಗೆ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು ಅಳತೆ ಬರೆದಿಟ್ಟಿದ್ದಾರೆ. ನಮ್ಮ ಬೀದಿಯ ಹಂಪುಗಳು ಆ ಪುಸ್ತಕ ಓದಿದವಲ್ಲ. ಪ್ರತಿ ಹಂಪಿಗೂ ನಾನು ಇಳಿಯಬೇಕು, ಕಾರು ಓರೆಯಾಗಿ ದಾಟಬೇಕು, ನಾನು ಮತ್ತೆ ಹತ್ತಬೇಕು. ಹನುಮಂತನಗರದಿಂದ ಹೆಬ್ಬಾಳದವರೆಗೆ ನಾನು ನಡೆದದ್ದೇ ಹೆಚ್ಚೇನೋ.

ದೇವನಹಳ್ಳಿ ದಾಟಿದ ಮೇಲೆ, ಹಳೇ ಡಿಸೈನಿನ ಟಾಟಾ ಲಾರಿಯೊಂದು ಮೊದಲು, ಆಮೇಲೆ ನಂದಿ ದ್ರಾಕ್ಷಿ ತುಂಬಲು ಹೊರಟ ಖಾಲಿ ಗೂಡ್ಸ್ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿದವು. ಗೂಡ್ಸ್ ಗಾಡಿಯವನು ಬೀಡಿ ಸೇದುತ್ತಾ, ಒಂದೇ ಕೈಯಲ್ಲಿ ಓಡಿಸುತ್ತಿದ್ದ. "ಎಂಜಿನ್ ಇನ್ನೂ ಕಾಯಬೇಕು ಅಂತ ನಿಧಾನ ಹೋಗ್ತಿದೀನಿ" ಎಂದರು ಭಾವ. ನಾನು ಕೇಳಿರಲಿಲ್ಲ.

ಆದರೆ ಬೆಟ್ಟದ ತಿರುವುಗಳು ಶುರುವಾದ ಮೇಲೆ ಕಾರು ಬೇರೆಯೇ ಆಯಿತು. 1,478 ಮೀಟರ್ ಎತ್ತರದ ಆ ಬೆಟ್ಟದ ಒಂದೊಂದು ತಿರುವಿಗೂ ಅದು ಉಡ ಹಿಡಿದಂತೆ ರಸ್ತೆ ಹಿಡಿದು, ಬಾಗದೆ, ಭಾವ ನೋಡಿದತ್ತ ತಿರುಗಿತು. ಬೆಳಗಿನ ಮಂಜು, ಎದುರಿಗೆ ಯಾರೂ ಇಲ್ಲ. ಭಾವನ ಮುಖ ಸಂಪೂರ್ಣವಾಗಿ ನನಗೆ ಕಂಡದ್ದು ಆ ಕೆಲವು ನಿಮಿಷ. ಶಾಲೆ ಬಿಟ್ಟ ಹುಡುಗನ ಮುಖ. ಮೇಲೆ ಹೋಗಿ ಕಾಫಿ ಕುಡಿಯುವಾಗ, "ಎಡಗಡೆ ಬುಷ್ಷು ಸ್ವಲ್ಪ ಸದ್ದು ಮಾಡ್ತಿದೆ, ಹೋದ ತಕ್ಷಣ ಬಿಚ್ಚಬೇಕು" ಎಂದರು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಆ ಮುಖ ಮೊದಲಿಗಿಂತಲೂ ಖುಷಿಯಾಗಿತ್ತು.

ಅಲ್ಲಿಗೆ ನನಗೆ ಗುಟ್ಟು ತಿಳಿಯಿತು. 2022ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಹೋಗಲು 29 ನಿಮಿಷ ಹಿಡಿಯುತ್ತಿತ್ತು ಎಂದು ಟಾಮ್‌ಟಾಮ್‌ನವರ ಲೆಕ್ಕ. ಈ ಊರಿನಲ್ಲಿ ವೇಗದ ಕಾರು ಕಟ್ಟುವವನಿಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಅವನಿಗೆ ಬೇಕಾದದ್ದು ಯಾರೂ ಗೇಟು ತೆಗೆಸದ, ಫೋನು ಮುಟ್ಟದ, ಅಂಗಾತ ಮಲಗಬಹುದಾದ ಆರಡಿ ಜಾಗ. ಅದನ್ನು ಹೆಂಡತಿಗೆ ಹೇಳಲು ಒಂದು ನೆಪ ಬೇಕು, ಅದಕ್ಕೆ ನಾಲ್ಕು ಚಕ್ರ ಇದ್ದರೆ ಗೌರವ.

ಹೋದ ಆಯುಧಪೂಜೆಗೆ ಹೋಗಿದ್ದೆ. ಅಕ್ಕ ಮೆಟ್ಟಿಲ ಕೆಳಗಿನ ಎಂಜಿನ್ನಿಗೂ, ಮನಿ ಪ್ಲಾಂಟ್ ಸರಿಸಿ, ಅರಿಶಿನ ಕುಂಕುಮ ಇಟ್ಟಿದ್ದಳು. ಬೂದುಗುಂಬಳ ಸಿದ್ಧವಾಗಿತ್ತು. ನಾಲ್ಕು ನಿಂಬೆಹಣ್ಣು ಹಿಡಿದು ಪೋರ್ಟಿಕೋಗೆ ಬಂದು ಬಗ್ಗಿದವಳು ಹಾಗೇ ನಿಂತಳು.

"ಚಕ್ರ ಎಲ್ರೀ?"

"ಬಣ್ಣಕ್ಕೆ ಕೊಟ್ಟಿದೀನಿ ಕಣೇ. ಸೋಮವಾರ ಬರುತ್ತೆ" ಎಂದವು ಕಾಲುಗಳು.

ಮಧ್ಯಾಹ್ನ ಚಿತ್ರಾನ್ನ ಚೆನ್ನಾಗಿ ಹುಳಿಯಾಗಿತ್ತು.