ಕನ್ನಡನಾಡಿಗೆ ಹೋಗಬೇಡಿ ಎಂದವರ ಮನೆಯಲ್ಲಿ

ನಾವು ನಾಶಿಕಕ್ಕೆ ಬಂದ ಮೊದಲ ವರ್ಷ. ಗಣೇಶ ಚೌತಿಯ ಮಧ್ಯಾಹ್ನ ಬಿಸಿ ಕಡುಬಿನ ಡಬ್ಬಿ ಹಿಡಿದು ಮದರಂಗಿ ಬೇಲಿಯ ಮೇಲಿಂದ ಕೈ ಚಾಚಿದೆ. ಆಚೆ ಮನೆಯ ಆಜಿ ಡಬ್ಬಿ ಮುಟ್ಟಲಿಲ್ಲ, ನನ್ನ ಮುಂಗೈ ಹಿಡಿದುಕೊಂಡರು. "ಗಣಪತಿಗೆ ತೋರಿಸಿ ಆಗಿದೆಯಲ್ಲ ಬಾಳಾ, ನಮಗೆ ನಡೆಯೋದಿಲ್ಲ" ಎಂದರು. ಮುಖದಲ್ಲಿ ಸಿಟ್ಟಿಲ್ಲ, ಸಂಕೋಚವೂ ಇಲ್ಲ. ನನಗೆ ಮಾತ್ರ ಗಂಟಲು ಕಟ್ಟಿತು. ಹಬ್ಬದ ದಿನ ಕೊಟ್ಟ ಸಿಹಿಯನ್ನು ಬೇಡ ಎನ್ನುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಆಜಿಯದು ಮಹಾನುಭಾವ ಪಂಥದ ಮನೆತನ. ದತ್ತಾತ್ರೇಯ, ಶ್ರೀಕೃಷ್ಣ, ಚಕ್ರಪಾಣಿ, ಗೋವಿಂದಪ್ರಭು, ಚಕ್ರಧರಸ್ವಾಮಿ, ಈ ಐವರು ಅವರಿಗೆ ಪಂಚಕೃಷ್ಣರು. ಬೇರೆ ದೇವರಿಗೆ ಪೂಜೆಯಿಲ್ಲ, ಬೇರೆ ದೇವರ ಪ್ರಸಾದವಿಲ್ಲ. ಮಾಂಸ, ಮದ್ಯ ಹೊಸ್ತಿಲೊಳಗೆ ಬರುವುದಿಲ್ಲ. ಒಬ್ಬರಿಗೊಬ್ಬರು ಎದುರಾದರೆ "ದಂಡವತ್ ಪ್ರಣಾಮ". ಸಂಸಾರದಲ್ಲಿದ್ದುಕೊಂಡೇ ಪಂಥದ ಉಪದೇಶ ಪಡೆದವರನ್ನು ವಾಸನಿಕರು ಎನ್ನುತ್ತಾರೆ, ಆಜಿ ಅಂಥವರು. ಅವರ ವರ್ಷದ ದೊಡ್ಡ ದಿನ ಭಾದ್ರಪದ ಶುದ್ಧ ಬಿದಿಗೆ, ಪಂಥ ಕಟ್ಟಿದ ಚಕ್ರಧರರ ಅವತಾರ ದಿನ. ಅಂದರೆ ಓಣಿಗೆ ಗಣಪತಿ ಬರುವುದಕ್ಕೆ ಎರಡೇ ದಿನ ಮುಂಚೆ ಆಜಿಯ ಮನೆಯ ಹಬ್ಬ ಮುಗಿದಿರುತ್ತದೆ. ಓಣಿಯಲ್ಲೆಲ್ಲ ಡೋಲು ಬಡಿಯುವಾಗ ಆಜಿ ದಾರದಲ್ಲಿ ಗಂಟು ಹಾಕಿ ಮಾಡಿದ ಗಾಠಿ ಹಿಡಿದು, ಬೆರಳಲ್ಲಿ ಒಂದೊಂದೇ ಗಂಟು ಸರಿಸುತ್ತ ಸ್ಮರಣೆಗೆ ಕೂತಿರುತ್ತಾರೆ.

ನನ್ನ ಅಕ್ಕ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ಒಮ್ಮೆ ಲ್ಯಾಂಕಾಸ್ಟರ್ ಕಡೆ ಆಮಿಶ್ ಜನರ ಹಳ್ಳಿಗಳನ್ನು ನೋಡಿ ಬಂದು ಫೋನಿನಲ್ಲಿ ಒಂದು ಗಂಟೆ ಅದನ್ನೇ ಹೇಳಿದಳು. ಕುದುರೆ ಗಾಡಿ, ಒಂದೇ ನಮೂನೆಯ ಬಟ್ಟೆ, ಕ್ಯಾಮೆರಾ ಕಂಡರೆ ತಿರುಗುವ ಮುಖ. ಅವಳನ್ನು ತಟ್ಟಿದ್ದು ಮಾತ್ರ ಹೊಲದ ಅಂಚಿನ ಒಂದು ಪುಟ್ಟ ಗೂಡು. ಅದರೊಳಗೆ ಟೆಲಿಫೋನು! ನಾಲ್ಕಾರು ಮನೆಗೆ ಸೇರಿ ಅದೊಂದೇ. ಫೋನು ಅವರಿಗೆ ವರ್ಜ್ಯವಲ್ಲ, ಮನೆಯೊಳಗೆ ಬಂದು ಕೂತರೆ ಮನೆಯವರ ಮಾತು ಕೆಡುತ್ತದೆ ಎಂದು ಹೊರಗಿಟ್ಟಿದ್ದಾರೆ. ಅಕ್ಕ ಹೇಳಿದ ಆ ಗೂಡು ನನ್ನ ಮನಸ್ಸಿನಲ್ಲಿ ಉಳಿಯಿತು. ಬೇಡ ಎನ್ನುವವರ ಹತ್ತಿರ ಯಾಕೆ ಬೇಡ ಎನ್ನುವುದಕ್ಕೆ ಒಂದು ಕಥೆ ಇರುತ್ತದೆ, ಕೂತು ಕೇಳಬೇಕು ಎನಿಸಿತು. ಆಮೇಲೆಯೇ ನಾನು ಬೇಲಿ ಸುತ್ತಿ ಆಜಿಯ ಜಗಲಿಗೆ ಹೋಗಿ ಕೂರತೊಡಗಿದ್ದು.

ಆಜಿ ಓದುವುದು ಬಟ್ಟೆಯಲ್ಲಿ ಸುತ್ತಿಟ್ಟ ಲೀಳಾಚರಿತ್ರ. 1278ರ ಸುಮಾರಿಗೆ ಮ್ಹಾಇಂಭಟ ಎಂಬ ಶಿಷ್ಯ ಕೂಡಿಸಿದ್ದು, ಮರಾಠಿ ಗದ್ಯದ ಮೊದಲ ದೊಡ್ಡ ಪುಸ್ತಕ. ಗುಜರಾತಿನ ಭರೂಚ ಕಡೆಯಿಂದ ಬಂದ ಚಕ್ರಧರರು ಗೋದಾವರಿಯ ದಂಡೆಯಲ್ಲಿ ಊರೂರು ತಿರುಗಿ, ಕೊನೆಗೆ ಉತ್ತರಕ್ಕೆ ಹೊರಟುಹೋದರು. ಅವರನ್ನು ಕಂಡವರು, ಜೊತೆಗೆ ಉಂಡವರು ಎಲ್ಲೆಲ್ಲಿದ್ದರೋ ಅಲ್ಲಲ್ಲಿಗೆ ಮ್ಹಾಇಂಭಟ ಹೋಗಿ, ನೀವು ಏನು ಕಂಡಿರಿ, ಏನು ಕೇಳಿದಿರಿ ಎಂದು ವಿಚಾರಿಸಿ ಬರೆದುಕೊಂಡ. ಸ್ವಾಮಿ ಎಲ್ಲಿ ಕೂತರು, ಏನು ಉಂಡರು ಎನ್ನುವುದೂ ಅದರಲ್ಲಿದೆ. ಮುಂದೆ ದಾಳಿಯ ಗದ್ದಲದಲ್ಲಿ ಪೋಥಿ ಕಳೆದುಹೋಯಿತಂತೆ. ಆಗ ಹಿರಾಇಸಾ ಎಂಬಾಕೆ ತನಗೆ ಬಾಯಿಪಾಠವಾಗಿದ್ದುದನ್ನು ಹೇಳಿ ಮತ್ತೆ ಬರೆಸಿದಳಂತೆ. ಆಜಿ ಇದನ್ನು ಹೇಳುವಾಗ ಹಿರಾಇಸಾ ಪಕ್ಕದ ಗಲ್ಲಿಯಲ್ಲೇ ಇದ್ದಾಳೇನೋ ಎನ್ನಬೇಕು, ಹಾಗೆ ಹೇಳುತ್ತಾರೆ.

ಹೆಂಗಸರ ಮಾತು ಬಂದರೆ ಆಜಿಯ ದನಿ ಏರುತ್ತದೆ. ಮರಾಠಿಯ ಮೊದಲ ಕವಯಿತ್ರಿ ಮಹದಂಬಾ ಈ ಪಂಥದವಳು. ಮುಟ್ಟು ಮೈಲಿಗೆಯಲ್ಲ, ಮೂಗಿನಲ್ಲಿ ಸಿಂಬಳ ಬಂದ ಹಾಗೆ, ಕಣ್ಣಲ್ಲಿ ಪಿಚ್ಚು ಬಂದ ಹಾಗೆ ಅದೂ ಒಂದು ಎಂದು ಚಕ್ರಧರರು ಹೇಳಿದ್ದು ಲೀಳಾಚರಿತ್ರದಲ್ಲೇ ಇದೆ. ಹದಿಮೂರನೇ ಶತಮಾನದಲ್ಲಿ! ಚಿಕ್ಕವಳಿದ್ದಾಗ ತಿಂಗಳಿಗೆ ಮೂರು ದಿನ ಹಿತ್ತಲ ಕೋಣೆಯಲ್ಲಿ ಕೂತವಳು ನಾನು. ಆ ಸಾಲು ಕೇಳಿದ ದಿನ ಆಜಿಯ ಕಾಲು ಮುಟ್ಟಿ ಬಂದೆ.

ಇನ್ನೊಂದು ಕಥೆಯೂ ಇದೆ. ಚಕ್ರಧರರ ನಂತರ ಪಂಥ ನಡೆಸಿದವರು ನಾಗದೇವಾಚಾರ್ಯರು. ಪಂಡಿತನಾದ ಕೇಸೋಬಾಸ ಸಂಸ್ಕೃತದಲ್ಲಿ ಬರೆಯಹೊರಟಾಗ ಅವರು ತಡೆದರು. ಹಾಗೆ ಬರೆದರೆ ನನ್ನ ಮುದುಕಿಯರು ವಂಚಿತರಾಗುತ್ತಾರೆ ಎಂದರು. ಇದು ಹೇಳಿ ಮುಗಿಸಿದವರೇ ಆಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಆ ಮುದುಕಿ ನಾನೇ ನೋಡು" ಎಂದರು. ತಮ್ಮ ಪುಸ್ತಕಗಳು ಹೊರಗಿನವರ ಕೈಗೆ ಸಿಕ್ಕಿ ಕೆಡಬಾರದೆಂದು ಈ ಜನ ಸಕಳ, ಸುಂದರೀ ಮುಂತಾದ ಗುಟ್ಟಿನ ಲಿಪಿಗಳಲ್ಲಿ ಅವನ್ನು ಬರೆದಿಟ್ಟರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇತಿಹಾಸಕಾರ ರಾಜವಾಡೆಯವರು ಆ ಲಿಪಿ ಬಿಡಿಸುವ ಬಗೆಯನ್ನು ಹೊರಗೆ ತಿಳಿಸುವವರೆಗೂ ಯಾದವ ರಾಜರ ಕಾಲದ ಈ ಮರಾಠಿ ಮಠಗಳ ಗಂಟಿನಲ್ಲೇ ಭದ್ರವಾಗಿತ್ತು. ಗುಟ್ಟು ಮಾಡಿದರು ಎಂದು ಬೈಯುವವರಿದ್ದಾರೆ. ಗುಟ್ಟಾಗಿ ಇಡದಿದ್ದರೆ ಉಳಿಯುತ್ತಿತ್ತೇ ಎಂದು ನಾನು ಕೇಳುತ್ತೇನೆ.

ಒಂದು ಸಂಜೆ ಆಜಿ ಸ್ವಾಮಿಯ ಮಾತುಗಳನ್ನು ಕೂಡಿಸಿದ ಸೂತ್ರಪಾಠ ತೆಗೆದು, ಬೆರಳಿಟ್ಟು ತೋರಿಸಿದರು. ಸನ್ಯಾಸಿಗಳಿಗೆ ಸ್ವಾಮಿಯ ಅಪ್ಪಣೆ: ಕನ್ನಡನಾಡಿಗೆ ಹೋಗಬೇಡಿ, ತೆಲುಗುನಾಡಿಗೆ ಹೋಗಬೇಡಿ, ಮಹಾರಾಷ್ಟ್ರದಲ್ಲೇ ಇರಿ. ನನಗೆ ಚುರುಕ್ ಎಂದಿತು. ಯಾಕಂತೆ ಎಂದೆ. ಅವು ವಿಷಯಸುಖ ತುಂಬಿದ ನಾಡುಗಳು ಎಂದು ಸೂತ್ರದಲ್ಲಿದೆ. ಆಜಿ ಬಿಡಿಸಿ ಹೇಳಿದರು: "ನಿಮ್ಮವರು ಸಾಧುಗಳನ್ನು ಕಂಡರೆ ತುಂಬ ಆದರ ಮಾಡುತ್ತಾರೆ. ಒಳ್ಳೆ ಊಟ ಹಾಕುತ್ತಾರೆ, ಕಾಲು ತೊಳೆಯುತ್ತಾರೆ. ಸನ್ಯಾಸಿಗೆ ಅದೇ ಮುಳುವು." ನಾಡಿನ ಕೊನೆಯಲ್ಲಿ, ಮರದ ಬುಡದಲ್ಲಿ, ಯಾರೂ ಗುರುತಿಸದ ಹಾಗೆ ಬಾಳು ಸವೆಸಬೇಕು, ಭಿಕ್ಷೆಯಲ್ಲಿ ಬಂದದ್ದು ಉಣ್ಣಬೇಕು ಎನ್ನುವ ಕಟ್ಟಳೆ ಅವರದು. ಅವರು ನಮ್ಮ ನಾಡನ್ನು ಬೇಡ ಎಂದದ್ದು ನಮ್ಮ ಅಡುಗೆಮನೆಗೆ ಹೆದರಿ ಎಂದು ತಿಳಿದಾಗ ನನಗೆ ಕಣ್ಣು ತುಂಬಿತು.

ಕನ್ನಡವೇನು ಅವರಿಗೆ ದೂರದ್ದಾಗಿರಲಿಲ್ಲ. ಹೋದ ಮಾಘದಲ್ಲಿ ಆಜಿಯ ಜೊತೆ ಎಸ್‌ಟಿ ಬಸ್ಸಿನಲ್ಲಿ ಪೈಠಣಕ್ಕೆ ಹೊರಟೆ. ನಿಫಾಡದ ದ್ರಾಕ್ಷಿ ತೋಟ, ಯೇವಲೆ, ವೈಜಾಪುರ ದಾಟಿ ಛತ್ರಪತಿ ಸಂಭಾಜಿನಗರ. ಅಲ್ಲಿ ತಂಗಿ, ದೌಲತಾಬಾದಿನ ಕೋಟೆ ನೋಡಿಕೊಂಡು ಬಂದೆವು. ಅದೇ ದೇವಗಿರಿ. ಚಕ್ರಧರರ ಕಾಲದಲ್ಲಿ ಅಲ್ಲಿಂದ ಆಳುತ್ತಿದ್ದ ಯಾದವರು, ಅಂದರೆ ಸೇವುಣರು, ಕನ್ನಡದಲ್ಲಿ ನೂರಾರು ಶಾಸನ ಬರೆಸಿದವರು. ಆ ಗುಡ್ಡದ ಕೆಳಗೆ ಎರಡೂ ಭಾಷೆ ಒಟ್ಟಿಗೆ ಬಾಳಿದವು ಎಂದು ಆಜಿಗೆ ಹೇಳಿದೆ. ಅವರು ಗುಡ್ಡವನ್ನೇ ನೋಡುತ್ತ, "ಹಾಗಾದರೆ ಸ್ವಾಮಿಯ ಕಿವಿಗೆ ನಿಮ್ಮ ಮಾತು ಬಿದ್ದಿರಬೇಕು" ಎಂದರು.

ಪೈಠಣ ಎಂದರೆ ಎಲ್ಲರಿಗೂ ಸಂತ ಏಕನಾಥರು. ಆಜಿ ನನ್ನನ್ನು ಕರೆದೊಯ್ದದ್ದು ಸುಣ್ಣ ಬಳಿದ, ಮೊಣಕಾಲೆತ್ತರದ ಒಂದು ದಿಬ್ಬದ ಹತ್ತಿರ. ಮೇಲೆ ಒಂದು ಬಟ್ಟೆ, ನಾಲ್ಕು ಹೂವು. ಮೂರ್ತಿಯಿಲ್ಲ. ಸ್ವಾಮಿ ಕೂತ, ಮಲಗಿದ, ಉಂಡ ಜಾಗಗಳಲ್ಲೆಲ್ಲ ಇಂಥವನ್ನು ಕಟ್ಟಿದ್ದಾರೆ. ಯಾವ ಜಾಗ ಎಲ್ಲಿದೆ ಎಂದು ಬರೆದಿಟ್ಟ ಸ್ಥಾನಪೋಥಿಯೂ ಇದೆ. ಆಜಿ ಹಣೆಯನ್ನು ಆ ಸುಣ್ಣಕ್ಕೆ ಒತ್ತಿ ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಹಣೆಯ ಮೇಲೆ ಬಿಳಿ ಗುರುತು. ಮೊಬೈಲು ಕೈಯಲ್ಲಿತ್ತು, ಚೀಲಕ್ಕೆ ಹಾಕಿದೆ. ಕಪ್ಪು ಬಟ್ಟೆಯ ಮುದಿ ಸನ್ಯಾಸಿನಿಯೊಬ್ಬರು ಬಂದು "ದಂಡವತ್" ಎಂದರು. ನಾನೂ ಎಂದೆ. ನೀನು ಯಾರು, ಯಾವ ಜಾತಿ, ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಪಂಕ್ತಿಯಲ್ಲಿ ಕೂರಿಸಿ ಭಾಕ್ರಿ, ಬೇಳೆ ಬಡಿಸಿದರು.

ಆ ವರ್ಷದ ಚೌತಿಗೆ ಕಡುಬು ಬೇಯುತ್ತಲೇ, ನೈವೇದ್ಯಕ್ಕೆ ಮುಂಚೆ, ಐದನ್ನು ಬೇರೆ ಡಬ್ಬಿಗೆ ತೆಗೆದಿಟ್ಟೆ. ಬೇಲಿಯ ಹತ್ತಿರ ಹೋಗಿ, "ಆಜಿ, ಇದನ್ನು ಇನ್ನೂ ಯಾರಿಗೂ ತೋರಿಸಿಲ್ಲ" ಎಂದೆ. ಎರಡೂ ಕೈ ಚಾಚಿ ತೆಗೆದುಕೊಂಡರು. ಒಳಗೆ ಹೋಗಿ ತಮ್ಮ ದೇವರಿಗೆ ಉಪಹಾರ ತೋರಿಸಿ ಬಂದು, ಅಲ್ಲೇ ಬೇಲಿಯ ಪಕ್ಕ ನಿಂತು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡರು.

"ಪೈಠಣದಲ್ಲಿ ನೋಡಿದೆಯಲ್ಲ, ಓಟಾ, ಅದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?"

"ಕಟ್ಟೆ ಅನ್ನುತ್ತೇವೆ ಆಜಿ."

"ಕಟ್ಟೆ" ಎಂದರು, ಕಡುಬು ಬಾಯಲ್ಲಿಟ್ಟುಕೊಂಡೇ. ಇನ್ನೊಮ್ಮೆ ಎಂದರು.