ಉಪ್ಪು ತಿಂದ ಹುಳು

ಕೋಡುಬಳೆಯ ಹಿಟ್ಟನ್ನು ಮಣೆಯ ಮೇಲೆ ಹೊಸೆದು, ತುದಿಗೆ ತುದಿ ಸೇರಿಸಿ ಬಳೆ ಮಾಡುವುದನ್ನು ಮರೆತುಬಿಟ್ಟರೆ ಏನು ಉಳಿಯುತ್ತದೋ ಅದೇ ಅಮೆರಿಕದಲ್ಲಿ ಬಾಸ್ ಎಂಬ ಮೀನು ಹಿಡಿಯುವವರ ನೆಚ್ಚಿನ ಎರೆ. ಕಣ್ಣಿಲ್ಲ, ಕಾಲಿಲ್ಲ, ಅಲ್ಲಾಡಿಸಲು ಒಂದು ಬಾಲವೂ ಇಲ್ಲ. ಐದಿಂಚಿನ ಮೆತ್ತನೆಯ ಪ್ಲಾಸ್ಟಿಕ್ ಕಡ್ಡಿ, ಹತ್ತು ಗ್ರಾಮಿನ ಆಸುಪಾಸಿನ ತೂಕ, ಮೈಮೇಲೆ ಸಾಲು ಸಾಲು ಗೆರೆ. ಅಂಗಡಿಯಲ್ಲಿ ಇದರ ಅಕ್ಕಪಕ್ಕ ತೂಗಾಡುವ ಸರಕನ್ನು ನೋಡಿದರೆ ಜಾತ್ರೆಯೇ ನೆರೆದಂತಿರುತ್ತದೆ: ಕೊಂಡಿ ಚಾಚಿದ ಏಡಿ, ಕಾಲು ಬಡಿಯುವ ಕಪ್ಪೆ, ಗಿರಗಿರ ತಿರುಗುವ ತಗಡು, ಹೊಟ್ಟೆಯಲ್ಲಿ ಗುಂಡು ತುಂಬಿಕೊಂಡು ಗಲಗಲ ಎನ್ನುವ ಮೀನು. ಇವುಗಳ ನಡುವೆ ನಮ್ಮ ಕಡ್ಡಿ ಮದುವೆಮನೆಗೆ ಬಂದ ಸನ್ಯಾಸಿ. 1949ರಲ್ಲಿ ಓಹಾಯೋದ ಆಕ್ರನ್ ಊರಿನ ನಿಕ್ ಕ್ರೀಮ್ ಪ್ಲಾಸ್ಟಿಕ್ ಹುಳುವನ್ನು ತಯಾರಿಸಿದಾಗ, ಅದು ನಿಜವಾದ ಎರೆಹುಳುವಿನಂತೆ ಕಾಣಬೇಕೆಂಬುದೇ ಆತನ ಹಟವಾಗಿತ್ತು. 1990ರ ದಶಕದಲ್ಲಿ ಅರಿಝೋನಾದ ಪೇಜ್ ಎಂಬ ಊರಿನಿಂದ ಗ್ಯಾರಿ ಯಮಾಮೊಟೊ ಹೊರತಂದ ಸೆಂಕೋ ಎಂಬ ಈ ಕಡ್ಡಿ ಆ ಹಟವನ್ನೇ ಕೈಬಿಟ್ಟಿತು. ಅದಕ್ಕೆ ಮಾದರಿ ಒಂದು ಬಾಲ್‌ಪೆನ್ನು ಎಂಬ ಕಥೆ ಮೀನುಗಾರರ ನಡುವೆ ಓಡಾಡುತ್ತಿದೆ. ಕಥೆ ನಿಜವಿರಲಿ ಬಿಡಲಿ, ಆ ಕಡ್ಡಿಯನ್ನು ನೋಡಿದವರು ಯಾರೂ ಇಲ್ಲವೆನ್ನಲಾರರು. ಯಾವ ಪ್ರಾಣಿಯನ್ನೂ ಹೋಲದ ಈ ವಸ್ತುವನ್ನು ಮೀನು ಯಾಕೆ ನುಂಗಬೇಕು? ಅದು ಚೆನ್ನಾಗಿ ಬೀಳುತ್ತದೆ, ಅದಕ್ಕೇ. ಮುಳುಗುವಾಗ ಅಡ್ಡಡ್ಡ ಮಲಗಿ, ಎರಡೂ ತುದಿ ಸಣ್ಣಗೆ ನಡುಗಿಸುತ್ತಾ, ಯಾವ ಅವಸರವೂ ಇಲ್ಲದೆ ಇಳಿಯುತ್ತದೆ. ಬೀಳುವುದೇ ಅದರ ಕಸುಬು. ಹಾಗಾಗಿ ಕಡ್ಡಿ ಆರಿಸುವಾಗಲೂ ಗಾಳಕ್ಕೆ ಚುಚ್ಚುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ: ಇದರಿಂದ ಬೀಳುವಿಕೆಗೆ ಏನಾಗುತ್ತದೆ?

ಮೊದಲು ಉಪ್ಪಿನ ವಿಚಾರ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ಈ ಹುಳುವಿನಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಇಲ್ಲ. ಬರೀ ಮೆತ್ತನೆಯ ಪ್ಲಾಸ್ಟಿಕ್ಕಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಉಪ್ಪಿನದು ಅದರ ಎರಡು ಪಟ್ಟಿಗೂ ಮೇಲೆ. ಹಿಟ್ಟಿಗೆ ಉಪ್ಪನ್ನು ಧಾರಾಳವಾಗಿ ಬೆರೆಸಿದರೆ ಸೀಸದ ಗುಂಡು ಕಟ್ಟದೆಯೂ ಕಡ್ಡಿ ತಾನಾಗಿ ಮುಳುಗುತ್ತದೆ, ಭಾರ ಮೈತುಂಬ ಹರಡಿರುವುದರಿಂದ ಅಡ್ಡಡ್ಡವಾಗಿಯೇ ಮುಳುಗುತ್ತದೆ. ಉಪ್ಪು ಹಾಕುವುದು ರುಚಿಗೆ, ಮೀನು ಅದನ್ನು ಬಾಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಳ್ಳಲಿ ಎಂದು, ಎನ್ನುವವರಿದ್ದಾರೆ. ಇರಬಹುದು. ಆದರೆ ರುಚಿ ತಿಳಿಯಬೇಕಾದರೆ ಮೊದಲು ತುತ್ತು ಬಾಯೊಳಗೆ ಹೋಗಬೇಕಲ್ಲ; ಅಲ್ಲಿಯವರೆಗೆ ಅದನ್ನು ತಲುಪಿಸಿದ್ದು ತೂಕ. ಉಪ್ಪಿನ ಬೆಲೆ ತೆರುವುದು ಬೇರೆ ಕಡೆ: ಉಪ್ಪು ಹೆಚ್ಚಾದಷ್ಟೂ ಪ್ಲಾಸ್ಟಿಕ್ ಬಲಹೀನ, ಒಂದೆರಡು ಮೀನಿಗೆ ಕಡ್ಡಿ ಎರಡು ತುಂಡು. ಹತ್ತರ ಪೊಟ್ಟಣ ಬಿಸಿಬಿಸಿ ಬೋಂಡದಂತೆ ಖಾಲಿಯಾಗುತ್ತದೆ. ಇದಕ್ಕೆ ಪರಿಹಾರವೆಂದು ಎಷ್ಟೆಳೆದರೂ ಹರಿಯದ ಇನ್ನೊಂದು ಜಾತಿಯ ಪ್ಲಾಸ್ಟಿಕ್ ಬಂದಿದೆ. ಗಟ್ಟಿಮುಟ್ಟು ಹೌದು, ಆದರೆ ಅದರ ಹುಟ್ಟುಗುಣ ತೇಲುವುದು. ಬೀಳಲಿ ಎಂದು ಕೊಂಡ ವಸ್ತು ತೇಲಿದರೆ ಅದರ ಆಯುಷ್ಯ ಕಟ್ಟಿಕೊಂಡು ಏನು ಮಾಡುವುದು? ಮೇಲಾಗಿ ಈ ಎರಡು ಜಾತಿಯನ್ನು ಒಂದೇ ಡಬ್ಬಿಯಲ್ಲಿಟ್ಟರೆ ಒಂದನ್ನೊಂದು ಕರಗಿಸಿ ಅಂಟಾಗುತ್ತವೆ. ದಾಯಾದಿಗಳನ್ನು ಒಂದೇ ಮನೆಯಲ್ಲಿಡಬಾರದೆಂಬುದು ಪ್ಲಾಸ್ಟಿಕ್ಕಿಗೂ ಗೊತ್ತು.

ಇನ್ನು ಗಾಳಕ್ಕೆ ಚುಚ್ಚುವ ಬಗೆ. ಇಲ್ಲಿ ಎರಡು ಪಂಥಗಳಿವೆ. ಕಡ್ಡಿಯ ನಟ್ಟನಡುವೆ ಗಾಳ ಚುಚ್ಚಿ, ಎರಡೂ ತುದಿಗಳನ್ನು ಜೋತುಬಿಡುವುದು ವ್ಯಾಕಿ ಪಂಥ. ವ್ಯಾಕಿ ಎಂದರೆ ತಿಕ್ಕಲು. ನೋಡಿದವರಿಗೆ ಮಗು ತಪ್ಪು ಚುಚ್ಚಿದಂತೆ ಕಾಣುವುದರಿಂದ ಹೆಸರು ಒಪ್ಪುತ್ತದೆ. ಆದರೆ ಬೀಳುವಿಕೆಯ ದೃಷ್ಟಿಯಿಂದ ಇದಕ್ಕಿಂತ ವಿವೇಕದ ಕೆಲಸವಿಲ್ಲ. ನಡುವಿನಲ್ಲಿ ಹಿಡಿತ, ಎರಡು ಬದಿಯೂ ಸಮತೂಕ, ಇಳಿಯುವಾಗ ತುದಿಗಳು ಬೀಸಣಿಗೆಯಂತೆ ಮೇಲೆ ಕೆಳಗೆ. ನಡುವಿಗೊಂದು ರಬ್ಬರ್ ಉಂಗುರ ತೊಡಿಸಿ ಗಾಳವನ್ನು ಉಂಗುರದಡಿ ತೂರಿಸಿದರೆ ಕಡ್ಡಿ ಬೇಗ ಹರಿಯುವುದೂ ಇಲ್ಲ. ತೊಂದರೆಯೆಂದರೆ ಮೊನೆ ಬಯಲಲ್ಲೇ ಇರುವುದು: ತಾವರೆ ಎಲೆ, ಪಾಚಿ, ಮುಳುಗಿದ ಮರದ ಕೊಂಬೆ, ಮೀನನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿಬೀಳುತ್ತದೆ. ಅಂಥಲ್ಲಿ ಟೆಕ್ಸಸ್ ಪಂಥವೇ ಗತಿ. ಕತ್ತಿನಲ್ಲಿ ಡೊಂಕಿರುವ ಅಗಲ ಬಾಗಿನ ಗಾಳ ತೆಗೆದುಕೊಳ್ಳಿ. ಐದಿಂಚಿನ ಕಡ್ಡಿಗೆ 3/0 ಅಥವಾ 4/0 ಅಳತೆ ಸರಿ. ಮೊನೆಯನ್ನು ಕಡ್ಡಿಯ ದಪ್ಪ ತುದಿಯೊಳಗೆ ಕಾಲಿಂಚು ಇಳಿಸಿ ಪಕ್ಕದಿಂದ ಹೊರತೆಗೆಯಿರಿ. ಗಾಳದ ಕಣ್ಣಿನವರೆಗೂ ಜಾರಿಸಿ, ಅರ್ಧ ಸುತ್ತು ತಿರುಗಿಸಿ. ಈಗ ಗಾಳವನ್ನು ಕಡ್ಡಿಯ ಪಕ್ಕಕ್ಕೆ ಜೋತುಬಿಟ್ಟು ಬಾಗು ಎಲ್ಲಿಗೆ ಬರುತ್ತದೆಂದು ನೋಡಿ, ಅದೇ ಜಾಗದಲ್ಲಿ ಮೊನೆಯನ್ನು ನೇರ ತೂರಿಸಿ, ಹೊರಬಂದ ತುದಿಯನ್ನು ಮೇಲ್ದೊಗಲಿನೊಳಗೆ ಕೂದಲೆಳೆಯಷ್ಟು ಅಡಗಿಸಿ. ರವಿಕೆಗೆ ಗುಂಡಿ ಹಾಕುವವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಒಂದು ತೂತು ತಪ್ಪಿದರೂ ಇಡೀ ರವಿಕೆ ಸೊಟ್ಟ. ಕಡ್ಡಿ ಸೊಟ್ಟಗಾದರೆ ಬೀಳುವ ಬದಲು ಗಿರಕಿ ಹೊಡೆಯುತ್ತದೆ, ದಾರ ಹುರಿಗೊಳ್ಳುತ್ತದೆ, ಬಾಸ್ ಮೂಸಿಯೂ ನೋಡುವುದಿಲ್ಲ. ಆಳ ಹೆಚ್ಚಿರುವಲ್ಲಿ ಕಡ್ಡಿಯ ಒಂದು ತುದಿಗೆ ಮೊಳೆಯಂಥ ತೂಕ ಸೇರಿಸಿ ತಲೆಕೆಳಗಾಗಿ ಇಳಿಸುವ ನೆಕೋ ಎಂಬ ಜಪಾನಿ ಉಪಾಯವೂ ಇದೆ. ಅಲ್ಲಿಯೂ ಮಾಡುತ್ತಿರುವುದು ಬೀಳುವಿಕೆಯ ತಿದ್ದುಪಡಿಯೇ.

ಬಣ್ಣದ ಮಾತು ಇಷ್ಟು ತಡವಾಗಿ ಬಂತೆಂದು ಮೀನುಗಾರರು ಸಿಡಿಮಿಡಿಗೊಂಡಾರು. ಸೀರೆ ಅಂಗಡಿಯಲ್ಲಿ ನಡೆಯುವಷ್ಟೇ ಚರ್ಚೆ ಎರೆಯ ಅಂಗಡಿಯಲ್ಲೂ ನಡೆಯುತ್ತದೆ: ಹಸಿರು ಕುಂಬಳ, ಕಲ್ಲಂಗಡಿ, ಕಲ್ಲಂಗಡಿಯ ಮೇಲೆ ಕಪ್ಪು ಚುಕ್ಕೆ, ಕೆಂಪು ಚುಕ್ಕೆ, ಕಪ್ಪಿನ ಮೇಲೆ ನೀಲಿ ಮಿಣುಕು. ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡಬಾಯಿಯ ಬಾಸ್ ಮೀನುಗಳಿಗೆ ಬಣ್ಣದ ಪರೀಕ್ಷೆ ಒಡ್ಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಂಪು, ಹಸಿರುಗಳನ್ನು ಅವು ಚೆನ್ನಾಗಿ ಗುರುತಿಸಿದವು. ನೀಲಿಗೂ ಕಪ್ಪಿಗೂ ನಡುವೆ ತಡವರಿಸಿದವು. ಎಂದರೆ ಕಪ್ಪಿನ ಮೇಲಿನ ನೀಲಿ ಮಿಣುಕಿಗೆ ತಲೆದೂಗುತ್ತಿರುವುದು ದೋಣಿಯ ಮೇಲಿನ ಪ್ರಾಣಿ. ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ ಎಂದರೆ, ಇದೆ: ತಿಳಿನೀರಿಗೆ ಹಸಿರು ಛಾಯೆಯದು, ರಾಡಿನೀರಿಗೆ ಕಪ್ಪು. ಅಲ್ಲಿಗೆ ಎರಡು ಪೊಟ್ಟಣ ಸಾಕು. ಮೂರನೆಯದನ್ನು ಕೊಳ್ಳುವವರನ್ನು ನಾನು ತಡೆಯುವುದಿಲ್ಲ. ಸೀರೆಯೂ ಮೈ ಮುಚ್ಚುವುದಕ್ಕಷ್ಟೇ ಅಲ್ಲವಲ್ಲ.

ಕೊನೆಯ ಆಕ್ಷೇಪ ಗಂಭೀರವಾದದ್ದು: ಬೀಳುವ ಕೆಲಸವೆಲ್ಲ ಕಡ್ಡಿಯದಾಗಿ, ಎಸೆದು ಸುಮ್ಮನಿರುವುದೇ ವಿದ್ಯೆಯಾದರೆ ಮೀನುಗಾರನ ಕೈಚಳಕ ಎಲ್ಲಿ ಉಳಿಯಿತು? ಸುಮ್ಮನಿದ್ದು ನೋಡಿದವರು ಹೀಗೆ ಕೇಳುವುದಿಲ್ಲ. ಕನ್ನಡದಲ್ಲಿ ಬರೆದರೆ ಮೀನಿನ ಬಾಸೂ ಕಚೇರಿಯ ಬಾಸೂ ಒಂದೇ ಕಾಗುಣಿತ, ಮತ್ತು ಸ್ವಭಾವ ತೀರಾ ದೂರವಲ್ಲ. ನೆರಳಿನಲ್ಲಿ ಕೂತಿರುತ್ತದೆ, ಹೆಚ್ಚು ಬೆನ್ನಟ್ಟುವುದಿಲ್ಲ, ಮುಂದೆ ಬಿದ್ದದ್ದನ್ನು ಕೂತಲ್ಲೇ ಬಾಯಿ ತೆರೆದು ಒಳಗೆಳೆದುಕೊಳ್ಳುತ್ತದೆ, ಹಿಡಿಸದಿದ್ದರೆ ಮರುಕ್ಷಣ ಉಗುಳುತ್ತದೆ. ಎಳೆದುಕೊಳ್ಳುವ ಆ ಕ್ಷಣ ಸಾಮಾನ್ಯವಾಗಿ ಕಡ್ಡಿ ಇಳಿಯುತ್ತಿರುವಾಗಲೇ, ದಾರ ಸಡಿಲವಾಗಿರುವಾಗಲೇ ಬರುತ್ತದೆ. ಬಿಗಿ ಹಿಡಿದರೆ ಕಡ್ಡಿ ದೋಣಿಯತ್ತ ತೂಗಿಬಂದು ಬೀಳುವಿಕೆ ಕೆಡುತ್ತದೆ. ತೀರಾ ಸಡಿಲ ಬಿಟ್ಟರೆ ಕಚ್ಚಿದ್ದು ತಿಳಿಯುವುದಿಲ್ಲ, ಮೀನು ಗಾಳವನ್ನು ಗಂಟಲಿಗಿಳಿಸಿಕೊಂಡು, ಬಿಡಬೇಕೆಂದರೂ ಬದುಕುಳಿಯುವುದು ಕಷ್ಟವಾಗುತ್ತದೆ. ಕೈಗೆ ಏನೂ ತಾಗುವುದಿಲ್ಲವಾದ್ದರಿಂದ ಕಣ್ಣು ದಾರದ ಮೇಲಿರಬೇಕು: ಒಂದು ಸಣ್ಣ ಮಿಡಿತ, ಪಕ್ಕಕ್ಕೆ ಸರಿಯುವ ಗೆರೆ, ಅಥವಾ ತಳ ಮುಟ್ಟುವ ಮೊದಲೇ ನಿಂತುಹೋದ ಇಳಿತ. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿಮುದ್ದೆ ಕಟ್ಟಿ ಗಾಳ ಹಾಕುವವರಿಗೆ ಕಾಯುವುದು ಗೊತ್ತು. ಆದರೆ ಅವರ ಪರವಾಗಿ ನೀರಿನಲ್ಲಿ ರಾಗಿಯ ಪರಿಮಳ ಕೆಲಸ ಮಾಡುತ್ತಿರುತ್ತದೆ. ಇಲ್ಲಿ ಪರಿಮಳದ ನೆರವು ಕಡಿಮೆ, ಕೈ ತುರಿಸುತ್ತಿರುತ್ತದೆ, ಒಮ್ಮೆ ಜಗ್ಗೋಣವೇ ಎಂದು ಮನಸ್ಸು ಪೀಡಿಸುತ್ತದೆ. ಜಗ್ಗದಿರುವುದಕ್ಕೆ ಬೇಕಾದ ಪಳಗುವಿಕೆಯನ್ನು ಕೈಚಳಕವೆಂದು ಕರೆಯಲು ಮನಸ್ಸಿಲ್ಲದಿದ್ದರೆ ಬೇರೆ ಹೆಸರು ಹುಡುಕಿಕೊಳ್ಳಬಹುದು.

ಹರಿದ ಕಡ್ಡಿಗಳನ್ನು ಮಾತ್ರ ಕೆರೆಗೆ ಎಸೆಯಬೇಡಿ. ಪ್ಲಾಸ್ಟಿಕ್ ಕರಗುವುದಿಲ್ಲ, ಮೀನಿನ ಹೊಟ್ಟೆ ಸೇರಿದರೆ ಅಲ್ಲೇ ಕೂರುತ್ತದೆ. ಹಾಳಾದ ತುದಿಯನ್ನು ಕತ್ತರಿಸಿ, ಉಳಿದ ಅರ್ಧವನ್ನು ಅಣಬೆಯ ಟೊಪ್ಪಿಗೆಯಂಥ ಪುಟ್ಟ ಸೀಸದ ತಲೆಯ ಗಾಳಕ್ಕೆ ಚುಚ್ಚಿದರೆ ಅದು ನೆಡ್ ರಿಗ್. ಕ್ಯಾನ್ಸಸ್‌ನ ನೆಡ್ ಕೇಡಿ ಎಂಬ ಹಿರಿಯ ಮೀನುಗಾರ ಬರಹಗಾರರ ಹೆಸರಿನಲ್ಲಿ ಪ್ರಸಿದ್ಧವಾಗಿ, ಈಗ ಅದಕ್ಕೆಂದೇ ಗಿಡ್ಡ ಕಡ್ಡಿಗಳು ಪೊಟ್ಟಣ ಪೊಟ್ಟಣ ಮಾರಾಟವಾಗುತ್ತವೆ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಚಿತ್ರಾನ್ನವಾಗಿ, ಆಮೇಲೆ ಚಿತ್ರಾನ್ನಕ್ಕೆಂದೇ ಬೇರೆ ಅನ್ನ ಮಾಡತೊಡಗಿದ ಹಾಗೆ.