ಖಡ್ಗಸಾರ್ವಭೌಮರು ತಯಾರಾಗುವ ಬಗೆ

ಫೆನ್ಸಿಂಗ್ ಕ್ಲಬ್ಬು ತೆರೆಯಬೇಕೆಂದಿರುವ ಮಹನೀಯರು ತಿಳಿದಿರಬೇಕಾದ ಸಂಗತಿ ಇಷ್ಟೆ: ಕತ್ತಿಯನ್ನು ಆಮೇಲೆ ತರಿಸಬಹುದು, ಪದವಿಗಳನ್ನು ಮಾತ್ರ ಮೊದಲೇ ತಯಾರಿಸಿಟ್ಟುಕೊಳ್ಳಬೇಕು. ಜಾಗದ ಚಿಂತೆ ಬೇಡ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಇದೆ. ಆಡುವ ಅಂಕಣದ ಪಟ್ಟಿ, ಅಂದರೆ ಪಿಸ್ಟ್, 14 ಮೀಟರ್ ಉದ್ದ ಇರಬೇಕೆಂದು ನಿಯಮ ಹೇಳುತ್ತದೆ. ಟೇಬಲ್ ಟೆನಿಸ್ ಮೇಜನ್ನು ಮಡಚಿ ಗೋಡೆಗೆ ಒರಗಿಸಿದರೆ ಹತ್ತು ಮೀಟರಂತೂ ಸಿಕ್ಕೇ ಸಿಗುತ್ತದೆ. ಉಳಿದ ನಾಲ್ಕು ಮೀಟರ್ ಬೇಕಾಗುವುದು ಹಿಂದೆ ಸರಿಯುವವರಿಗೆ. ನಮ್ಮ ಮಕ್ಕಳು ಹಿಂದೆ ಸರಿಯುವವರಲ್ಲ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿ, ಮುಗಿಯಿತು.

ತೊಂದರೆ ಇರುವುದು ಆಟದಲ್ಲೇ. ಇದರಲ್ಲಿ ಸತ್ಯ ಬಹಳ ಬೇಗ ಬಯಲಾಗುತ್ತದೆ. ಕೈಯಲ್ಲಿ ಅರ್ಧ ಕೆ.ಜಿ.ಗಿಂತ ಹಗುರವಾದ ಫಾಯ್ಲ್ ಎಂಬ ಕತ್ತಿ, ಮೈಮೇಲೆ ಲೋಹದ ಎಳೆಯ ಜಾಕೆಟ್ಟು, ಬೆನ್ನ ಹಿಂದೆ ವೈರು. ಮೊನೆ ಎದುರಾಳಿಯ ಎದೆಗೋ ಹೊಟ್ಟೆಗೋ ಒತ್ತಿದರೆ ಬಣ್ಣದ ದೀಪ. ತೋಳಿಗೋ ತೊಡೆಗೋ ಒತ್ತಿದರೆ ಬಿಳಿ ದೀಪ, ಅಂಕ ಇಲ್ಲ. ಗುಂಪು ಹಂತದ ಪಂದ್ಯವೆಂದರೆ ಮೂರು ನಿಮಿಷ ಅಥವಾ ಐದು ಅಂಕ. ಅಷ್ಟರಲ್ಲಿ ಯಾರಿಗೆ ಏನು ಬರುತ್ತದೆ, ಯಾರಿಗೆ ಏನೂ ಬರುವುದಿಲ್ಲ ಎಂಬುದು ಮೂಲೆಯಲ್ಲಿ ಚಿಪ್ಸ್ ತಿನ್ನುತ್ತ ಕೂತ ತಮ್ಮನಿಗೂ ಗೊತ್ತಾಗಿಬಿಡುತ್ತದೆ. ಮೊದಲು ತೀರ್ಪುಗಾರರು ಬರಿಗಣ್ಣಿನಿಂದ ನೋಡಿ ಹೇಳುತ್ತಿದ್ದರು, ಜಗಳಕ್ಕೆ ಧಾರಾಳ ಅವಕಾಶವಿತ್ತು. ಆಟದ ಮೂರು ಬಗೆಯ ಕತ್ತಿಗಳಲ್ಲಿ 1936ರ ಒಲಿಂಪಿಕ್ಸ್‌ನಲ್ಲಿ ಎಪೆಗೆ, 1956ರಲ್ಲಿ ಫಾಯ್ಲಿಗೆ, 1992ರಲ್ಲಿ ಸೇಬರಿಗೆ ದೀಪ ಬಂತು. ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು.

ಇಂಥ ಆಟವನ್ನು ನಂಬಿಕೊಂಡು ಕ್ಲಬ್ಬು ನಡೆಸಲಾದೀತೆ? ಮೂರು ನಿಮಿಷದಲ್ಲಿ ಗೊತ್ತಾಗುವುದನ್ನು ಮೂರು ವರ್ಷವಾದರೂ ಮುಂದೂಡಬೇಕು. ಅದಕ್ಕಿರುವ ಒಂದೇ ಉಪಾಯ ಪದವಿ.

ಪದವಿಯ ಅಗತ್ಯ ಹುಟ್ಟುವ ಜಾಗ ಕ್ಲಬ್ಬಿನ ಬಾಗಿಲು, ಹೊತ್ತು ಸಂಜೆ ಏಳು, ಚಪ್ಪಲಿ ಸ್ಟ್ಯಾಂಡಿನ ಪಕ್ಕ.

“ಸಾರ್, ಎದುರು ಬ್ಲಾಕಿನ ಹುಡುಗಿ ಕರಾಟೆಯಲ್ಲಿ ಬ್ರೌನ್ ಬೆಲ್ಟ್ ಅಂತೆ. ನಮ್ಮ ಹುಡುಗ ಆರು ತಿಂಗಳಿಂದ ಬರ್ತಿದಾನಲ್ಲ, ಈಗ ಏನಾಗಿದಾನೆ?”

“ಚೆನ್ನಾಗಿ ಕಲೀತಿದಾನೆ ಮೇಡಂ. ಮುಂದೆ ಕಾಲು ಚಾಚಿ ಲಂಜ್ ಮಾಡುವಾಗ ಹಿಂದಿನ ಮೊಣಕಾಲು ಇನ್ನೂ ಬಗ್ಗುತ್ತೆ, ಅದೊಂದು ಸರಿಹೋಗಬೇಕು.”

“ಅದಿರಲಿ ಸಾರ್. ಈಗ ಅವನು ಏನು ಅಂತ?”

“ಫೆನ್ಸರ್, ಮೇಡಂ.”

“ಅಷ್ಟೇನಾ?”

ಈ ‘ಅಷ್ಟೇನಾ’ಗೆ ಉತ್ತರವಿಲ್ಲದ ಕ್ಲಬ್ಬು ಮುಂದಿನ ತಿಂಗಳು ಜುಂಬಾ ತರಗತಿಯಾಗುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಹಳೆಯ ಗಾದೆ. ಈಗಿನ ಹೆತ್ತವರಿಗೆ ಹೆಗ್ಗಣವಷ್ಟೇ ಸಾಲದು, ಅದರ ಗ್ರೇಡೂ ಬೇಕು, ಫ್ಯಾಮಿಲಿ ಗ್ರೂಪಿಗೆ ಹಾಕಲು ಸರ್ಟಿಫಿಕೇಟಿನ ಫೋಟೊನೂ ಬೇಕು.

ಇದರಲ್ಲಿ ಕರಾಟೆಯವರನ್ನು ದೂರಿ ಫಲವಿಲ್ಲ. ಅವರೂ ಬೆಲ್ಟನ್ನು ಜೂಡೊದಿಂದ ತಂದುಕೊಂಡವರೇ. ಜಿಗೊರೊ ಕಾನೊ 1882ರಲ್ಲಿ ಜಪಾನಿನಲ್ಲಿ ಕೊಡೊಕಾನ್ ಶಾಲೆ ತೆರೆದಾಗ ಈ ಬಣ್ಣಗಳ ಜಾತ್ರೆ ಇರಲಿಲ್ಲ. ಹಳದಿ, ಕಿತ್ತಳೆ, ಹಸಿರು ಎಂಬ ಮೆಟ್ಟಿಲುಗಳು ಹೆಸರು ಮಾಡಿದ್ದು 1930ರ ದಶಕದ ಪ್ಯಾರಿಸ್ಸಿನಲ್ಲಿ, ಮಿಕಿನೊಸುಕೆ ಕವೈಶಿ ಎಂಬ ಜೂಡೊ ಗುರುಗಳ ಕಾಲದಲ್ಲಿ. ಕಪ್ಪು ಬೆಲ್ಟಿನವರೆಗೆ ಸುಮ್ಮನೆ ಕಾಯುವ ತಾಳ್ಮೆ ಅಲ್ಲಿನ ಶಿಷ್ಯರಿಗೆ ಇರಲಿಲ್ಲವಂತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೆ ಎಂದು ಭಾವಿಸಲು ಕಾರಣ ಕಾಣುವುದಿಲ್ಲ.

ಸರಿ, ಪದವಿಗಳ ಪಟ್ಟಿ ಮಾಡೋಣ. ಫೆನ್ಸಿಂಗಿನಲ್ಲಿ ಬೆಲ್ಟು ಕಟ್ಟಿದರೆ ವೈರಿಗೆ ತೊಡರುತ್ತದೆ, ಆದ್ದರಿಂದ ಬಣ್ಣವನ್ನು ಕೈಗವಸಿಗೆ ಕೊಡಬೇಕು. ಆಟಗಾರರು ಗವಸು ತೊಡುವುದು ಕತ್ತಿ ಹಿಡಿದ ಕೈಗೆ ಮಾತ್ರ. ಆದರೂ ಜೋಡಿಯಾಗಿಯೇ ಮಾರಬೇಕು, ಇನ್ನೊಂದು ಷೋಕೇಸಿಗೆ. ಹೆಸರುಗಳು ಹೀಗಿರಲಿ: ಅಂಕುರ, ಕಿಶೋರ, ವೀರ, ಶೂರ, ಧೀರ, ರಣಧೀರ, ಖಡ್ಗರತ್ನ, ಕೊನೆಗೆ ಖಡ್ಗಸಾರ್ವಭೌಮ. ಎಂಟು ಪದವಿ, ಒಂದೊಂದಕ್ಕೂ ಪೂರ್ವಾರ್ಧ ಮತ್ತು ಉತ್ತರಾರ್ಧ, ಒಟ್ಟು ಹದಿನಾರು ಪರೀಕ್ಷೆ, ಹದಿನಾರು ಶುಲ್ಕ. ವೀರನಿಗೂ ಶೂರನಿಗೂ ವ್ಯತ್ಯಾಸವೇನೆಂದು ಯಾರಾದರೂ ಕೇಳಿದರೆ ಐನೂರು ರೂಪಾಯಿ ಎಂದು ಬಾಯಿಬಿಡಬಾರದು, ಮನೋಧರ್ಮ ಎನ್ನಬೇಕು.

ರಣಧೀರ ಎಂಬ ಬಿರುದಿನ ಬಗ್ಗೆ ಇತಿಹಾಸದ ಮೇಷ್ಟರೊಬ್ಬರು ತಕರಾರು ತೆಗೆಯಬಹುದು. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಮಾರುವೇಷದಲ್ಲಿ ತಿರುಚಿರಾಪಳ್ಳಿಯವರೆಗೆ ಹೋಗಿ, ಅಲ್ಲಿ ಯಾರಿಗೂ ಸೋಲದೆ ಮೆರೆಯುತ್ತಿದ್ದ ಜಟ್ಟಿಯನ್ನು ಕೆಡವಿ ಬಂದರೆಂಬ ಕಥೆಯನ್ನು ಅವರು ಹೇಳುತ್ತಾರೆ. ಕೇಳಿಸಿಕೊಂಡು ಕೈಮುಗಿಯಿರಿ. ನಮ್ಮ ರಣಧೀರ ಅಷ್ಟು ದೂರ ಹೋಗಬೇಕಿಲ್ಲ, ನೋಟಿಸ್ ಬೋರ್ಡಿನ ಕ್ಯೂಆರ್ ಕೋಡಿನವರೆಗೆ ಹೋದರೆ ಸಾಕು.

ಇನ್ನು ಸ್ಥಾಪಕರಿಗೆ ಪದವಿ ಕೊಡುವವರಾರು? ಗುರುವಿಗೆ ಪದವಿಯಿಲ್ಲದಿದ್ದರೆ ಶಿಷ್ಯರಿಗೆ ಹಂಚುವುದು ಹೇಗೆ? ಇದಕ್ಕೂ ದಾರಿಯಿದೆ. ಕಾರ್ಯಕಾರಿ ಸಮಿತಿಯ ಮೊದಲ ಸಭೆಯ ಮೂರನೇ ವಿಷಯವಾಗಿ ಇದನ್ನು ಇಡಬೇಕು. ಸಂಕೋಚ ಸ್ವಭಾವದ ಸ್ಥಾಪಕರು “ನೀವೇ ಮಾತಾಡಿಕೊಳ್ಳಿ” ಎಂದು ಹೊರಗೆ ಲಿಫ್ಟಿನ ಹತ್ತಿರ ನಿಲ್ಲಬೇಕು. ಒಳಗೆ ಖಜಾಂಚಿ ಸೂಚಿಸಿ, ಖಜಾಂಚಿಯ ಭಾವಮೈದ ಅನುಮೋದಿಸಿ, ಸಭೆ ಖಡ್ಗಸಾರ್ವಭೌಮ ಪದವಿಯನ್ನು ಸರ್ವಾನುಮತದಿಂದ ದಯಪಾಲಿಸುತ್ತದೆ. ಕರೆದಾಗ ಸ್ಥಾಪಕರು ಒಳಗೆ ಬಂದು “ಛೇ ಛೇ, ಇದೆಲ್ಲ ಯಾಕೆ” ಎನ್ನಬೇಕು. ಗವಸಿನ ಅಳತೆ ಹಿಂದಿನ ವಾರವೇ ಕೊಟ್ಟಿರುವುದರಿಂದ ಅದು ಸರಿಯಾಗಿ ಕೂರುತ್ತದೆ.

ಪರೀಕ್ಷೆಯ ಪಠ್ಯಕ್ರಮದಲ್ಲಿ ಒಂದೇ ಎಚ್ಚರಿಕೆ: ಎಲ್ಲಿಯೂ ಎದುರಾಳಿ ಇರಬಾರದು. ಸೆಲ್ಯೂಟಿಗೆ ಹತ್ತು ಅಂಕ, ಮಾಸ್ಕನ್ನು ಕಂಕುಳಲ್ಲಿ ಹಿಡಿದು ನಿಲ್ಲುವ ಭಂಗಿಗೆ ಹತ್ತು, ಮುಂದೆ ನಾಲ್ಕು ಹೆಜ್ಜೆ ಹಿಂದೆ ನಾಲ್ಕು ಹೆಜ್ಜೆಗೆ ಇಪ್ಪತ್ತು, ಗಾಳಿಗೆ ಲಂಜ್ ಮಾಡುವುದಕ್ಕೆ ಇಪ್ಪತ್ತು, ಕ್ಲಬ್ಬಿನ ಧ್ಯೇಯವಾಕ್ಯ ಕಂಠಪಾಠಕ್ಕೆ ಇಪ್ಪತ್ತು, ಹಾಜರಾತಿಗೆ ಮಿಕ್ಕಿದ್ದು. ಗಾಳಿ ತಿರುಗಿ ಹೊಡೆಯುವುದಿಲ್ಲವಾದ್ದರಿಂದ ಫಲಿತಾಂಶ ನೂರಕ್ಕೆ ನೂರು.

ಹಿಂದಿನವರಿಗೆ ಈ ಜಾಣತನ ಇರಲಿಲ್ಲ. ಹದಿನಾರನೇ ಶತಮಾನದ ಲಂಡನ್ನಿನಲ್ಲಿ ಕತ್ತಿ ಕಲಿಸುವ ಗುರುಗಳದ್ದೊಂದು ಸಂಘವಿತ್ತು. 1540ರಲ್ಲಿ ಎಂಟನೇ ಹೆನ್ರಿ ದೊರೆಯ ಮಾನ್ಯತೆಯೂ ಸಿಕ್ಕಿತ್ತು. ಅವರಲ್ಲೂ ಪದವಿಗಳಿದ್ದವು, ನಾಲ್ಕೇ ನಾಲ್ಕು: ಸ್ಕಾಲರ್, ಫ್ರೀ ಸ್ಕಾಲರ್, ಪ್ರೊವೋಸ್ಟ್, ಮಾಸ್ಟರ್. ಮೇಲಿನ ಪದವಿ ಬೇಕೆಂದವನು ಛತ್ರದ ಅಂಗಳದಲ್ಲೋ ನಾಟಕಶಾಲೆಯಲ್ಲೋ ಅಟ್ಟಣಿಗೆ ಹತ್ತಿ, ಊರವರೆಲ್ಲ ನೋಡುತ್ತಿರುವಾಗ, ಆಗಲೇ ಆ ಪದವಿಯಲ್ಲಿರುವವರೊಂದಿಗೆ ಒಬ್ಬೊಬ್ಬರಾಗಿ, ಬಗೆಬಗೆಯ ಆಯುಧಗಳಲ್ಲಿ ಹೋರಾಡಬೇಕಿತ್ತು. ಪ್ರೊವೋಸ್ಟ್ ಆದವನು ಮಾಸ್ಟರ್ ಆಗಲು ಏಳು ವರ್ಷ ಕಾಯಬೇಕೆಂಬ ಕಟ್ಟಳೆ ಬೇರೆ. ಏಳು ವರ್ಷ! ಅಷ್ಟರಲ್ಲಿ ನಮ್ಮ ಕ್ಲಬ್ಬು ಇಬ್ಬರು ಖಡ್ಗಸಾರ್ವಭೌಮರನ್ನು ಮುಗಿಸಿ ಮೂರನೆಯವರ ಮುಂಗಡ ತೆಗೆದುಕೊಂಡಿರುತ್ತದೆ.

ಅಮೆರಿಕದವರು ಇನ್ನೂ ದಡ್ಡರು. ಅಲ್ಲಿನ ಫೆನ್ಸಿಂಗ್ ಸಂಸ್ಥೆ ‘ಎ’ಯಿಂದ ‘ಇ’ವರೆಗೆ ಅಕ್ಷರಗಳನ್ನು ಕೊಡುತ್ತದೆ. ಅಕ್ಷರ ಸಿಗುವುದು ಪಂದ್ಯಾವಳಿಯಲ್ಲಿ ಗಳಿಸಿದ ಸ್ಥಾನಕ್ಕೆ. ಎಷ್ಟು ಜನ ಆಡಿದರು, ಅವರೆಷ್ಟು ಗಟ್ಟಿಗರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಲದ್ದಕ್ಕೆ ಹಾಲಿನ ಪ್ಯಾಕೆಟ್ಟಿನ ಮೇಲೆ ಹಾಕುವಂತೆ ಅಕ್ಷರದ ಮುಂದೆ ಇಸವಿ ಹಾಕುತ್ತಾರೆ. ನಾಲ್ಕು ವರ್ಷದಲ್ಲಿ ಮತ್ತೆ ಗಳಿಸದಿದ್ದರೆ ಒಂದು ಮೆಟ್ಟಿಲು ಕೆಳಗೆ. ಕೊಟ್ಟ ಪದವಿಯನ್ನು ಕಿತ್ತುಕೊಳ್ಳುವುದೆ? ನಮ್ಮಲ್ಲಿ ಹಾಗೆ ಮಾಡಿದರೆ ಪೋಷಕರು ಮೇಂಟೆನೆನ್ಸ್ ಕಟ್ಟುವುದನ್ನೂ ನಿಲ್ಲಿಸುತ್ತಾರೆ.

ಪದವಿಯ ಗುಟ್ಟನ್ನು ಬಲ್ಲವನೆಂದರೆ ಸೋವಿಯತ್ ಒಕ್ಕೂಟದ ಬೋರಿಸ್ ಒನಿಶ್ಚೆಂಕೊ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ, ಫೆನ್ಸಿಂಗೂ ಸೇರಿರುವ ಆಧುನಿಕ ಪೆಂಟಾಥ್ಲಾನ್‌ನಲ್ಲಿ ತಂಡದ ಚಿನ್ನ, ವೈಯಕ್ತಿಕ ಬೆಳ್ಳಿ ಗೆದ್ದಿದ್ದಾತ. 1976ರಲ್ಲಿ ಮಾಂಟ್ರಿಯಲ್‌ಗೆ ಬರುವಾಗ ತನ್ನ ಎಪೆಯ ಹಿಡಿಕೆಯೊಳಗೆ ಒಂದು ಗುಪ್ತ ಸ್ವಿಚ್ಚು ಅಡಗಿಸಿಕೊಂಡು ಬಂದ. ಬೆರಳಿಂದ ಅದುಮಿದರೆ ಸಾಕು, ಮೊನೆ ಎಲ್ಲಿಗೂ ತಾಗದಿದ್ದರೂ ದೀಪ ಹತ್ತುತ್ತಿತ್ತು. ಬ್ರಿಟನ್ನಿನ ಜಿಮ್ ಫಾಕ್ಸ್ ಹಿಂದಕ್ಕೆ ಬಾಗಿ ತಪ್ಪಿಸಿಕೊಂಡ, ಮೊನೆ ಗಾಳಿಯಲ್ಲೇ ಇತ್ತು, ದೀಪ ಮಾತ್ರ ಹತ್ತಿತು. ಅನುಮಾನ ಬಂದು ಕತ್ತಿ ಬಿಚ್ಚಿದರು, ಗುಟ್ಟು ರಟ್ಟಾಯಿತು, ಅವನನ್ನು ಕೂಟದಿಂದ ಹೊರಹಾಕಿದರು. ಪಾಪ, ಅವನ ತಪ್ಪೆಂದರೆ ಒಬ್ಬನೇ ಕದ್ದು ಮಾಡಿದ್ದು. ತಾಗದೆ ದೀಪ ಹತ್ತಿಸುವ ಅದೇ ವಿದ್ಯೆಯನ್ನು ಹದಿನಾರು ಹಂತಗಳ ಪಠ್ಯಕ್ರಮವಾಗಿ ಅಚ್ಚು ಹಾಕಿಸಿ, ಬಣ್ಣ ಬಣ್ಣದ ಗವಸು ಕೊಟ್ಟು, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿದ್ದರೆ ಯಾರೂ ಕತ್ತಿ ಬಿಚ್ಚಿ ನೋಡುತ್ತಿರಲಿಲ್ಲ.

ಒಂದೇ ಅಪಾಯವೆಂದರೆ ಪಂದ್ಯಾವಳಿ. ಅಲ್ಲಿಗೆ ಮಕ್ಕಳನ್ನು ಕಳಿಸಲೇಬೇಡಿ. ಅಲ್ಲಿನವರಿಗೆ ಸಂಸ್ಕಾರವಿಲ್ಲ. ಖಡ್ಗರತ್ನ ಪದವೀಧರ ಬಣ್ಣದ ಗವಸು ತೊಟ್ಟು ಎದುರು ನಿಂತರೂ ಆಯುಧ ತಪಾಸಣೆಯವನು ಮುಖ ಎತ್ತಿ ನೋಡುವುದಿಲ್ಲ. ಫಾಯ್ಲನ್ನು ನೆಟ್ಟಗೆ ನಿಲ್ಲಿಸಿ, ಮೊನೆಯ ಮೇಲೆ 500 ಗ್ರಾಂ ತೂಕ ಇಟ್ಟು ಬಿಡುತ್ತಾನೆ. ಒಳಗಿನ ಸ್ಪ್ರಿಂಗ್ ಆ ತೂಕವನ್ನು ಮೇಲೆತ್ತಿದರೆ ಕತ್ತಿ ಪಾಸು, ಇಲ್ಲದಿದ್ದರೆ ನಪಾಸು. ಸರ್ಟಿಫಿಕೇಟಿನ ಫೈಲು ಚಾಚಿದರೆ ಅದರ ಮೇಲೆ ಸ್ಕ್ರೂಡ್ರೈವರ್ ಇಟ್ಟುಕೊಳ್ಳುತ್ತಾನೆ. ಆಮೇಲೆ ಪಿಸ್ಟ್ ಹತ್ತಿದರೆ ಎದುರಿಗೆ ಯಾವುದೋ ಸರ್ಕಾರಿ ಶಾಲೆಯ ಹುಡುಗಿ. ಅವಳ ಗವಸಿಗೆ ಬಣ್ಣವೇ ಇಲ್ಲ, ಹೊಲಿಗೆ ಬೇರೆ ಬಿಟ್ಟಿದೆ.

ಅಂಥವರ ಸಾಲಿಗೆ ಸೇರಿದವರು ಚೆನ್ನೈನ ಭವಾನಿ ದೇವಿ. ಶಾಲೆಯಲ್ಲಿ ಬಿದಿರು ಕೋಲು ಹಿಡಿದು ಅಭ್ಯಾಸ ಮಾಡಿದವರು. ಮೊದಲ ಅಂತರರಾಷ್ಟ್ರೀಯ ಕೂಟಕ್ಕೆಂದು ಟರ್ಕಿಗೆ ಹೋದಾಗ ಅವರಿಗೆ ಕಪ್ಪು ಸಿಕ್ಕಿತು. ಬೆಲ್ಟಲ್ಲ, ಕೂಟದಿಂದ ಹೊರಹಾಕುವ ಬ್ಲ್ಯಾಕ್ ಕಾರ್ಡು, ಮೂರು ನಿಮಿಷ ತಡವಾಗಿ ಬಂದದ್ದಕ್ಕೆ. ಅದೇ ಭವಾನಿ 2021ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್‌ಗೆ ಇಳಿದ ಮೊದಲ ಭಾರತೀಯ ಫೆನ್ಸರ್ ಆದರು. ಸೇಬರಿನಲ್ಲಿ ಮೊದಲ ಪಂದ್ಯ 15-3ರಿಂದ ಗೆದ್ದರು, ಮುಂದಿನದನ್ನು ಫ್ರಾನ್ಸಿನ ಮನೋನ್ ಬ್ರೂನೆ ಎದುರು 7-15ರಿಂದ ಸೋತರು. 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಜಪಾನಿನ ಮಿಸಾಕಿ ಎಮುರಾ ಅವರನ್ನು ಸೋಲಿಸಿ ಕಂಚು ತಂದರು. ಇಷ್ಟೆಲ್ಲ ಆದರೂ ಪಾಪ, ನಮ್ಮ ಕ್ಲಬ್ಬಿನ ಲೆಕ್ಕದಲ್ಲಿ ಅವರಿನ್ನೂ ‘ಅಂಕುರ’ ಪೂರ್ವಾರ್ಧವನ್ನೂ ಕಟ್ಟಿಲ್ಲ.

ಮಕ್ಕಳಿಗೆ ಉತ್ತೇಜನ ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ನೆಟ್ಟಗೆ ಲಂಜ್ ಮಾಡಿದ ಮಗುವಿನ ಬೆನ್ನು ತಟ್ಟಬೇಕು, ಅದಕ್ಕೆ ರಸೀದಿ ಹರಿಯಬೇಕಿಲ್ಲ. ಮೈಸೂರಿನ ದಸರಾ ಕುಸ್ತಿಯಲ್ಲೂ ದಸರಾ ಕಿಶೋರ, ದಸರಾ ಕೇಸರಿ, ದಸರಾ ಕಂಠೀರವ ಎಂಬ ಬಿರುದುಗಳಿವೆ. ಅವು ಸಿಗುವುದು ಎದುರಾಳಿಯನ್ನು ಸೋಲಿಸಿದ ಮೇಲೆ, ಕಂತು ಕಟ್ಟಿದ ಮೇಲಲ್ಲ. ಗೆದ್ದು ತಂದ ಬಿರುದಿಗೂ ತ್ರೈಮಾಸಿಕ ಶುಲ್ಕದ ಜೊತೆ ಬಂದ ಬಿರುದಿಗೂ ಇರುವ ಅಂತರ ಮಕ್ಕಳಿಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದಂತೆ ಇರುವುದನ್ನು ಅವರಿಗೆ ಕಲಿಸುತ್ತಿರುವವರು ನಾವು.

ಆದ್ದರಿಂದ ಪೋಷಕರಲ್ಲಿ ಒಂದು ವಿನಂತಿ. ಮಗು ಸಂಜೆ ಕ್ಲಬ್ಬಿನಿಂದ ಬಂದಾಗ ಯಾವ ಬಣ್ಣ ಬಂತು ಎಂದು ಕೇಳಬೇಡಿ. ಇವತ್ತು ಯಾರ ಜೊತೆ ಆಡಿದೆ, ಎಷ್ಟಕ್ಕೆ ಎಷ್ಟು ಎಂದು ಕೇಳಿ. ಐದಕ್ಕೆ ಎರಡರಲ್ಲಿ ಸೋತೆ ಎಂದರೆ ನೀವು ಕಟ್ಟಿದ ದುಡ್ಡು ಸಾರ್ಥಕ, ನಾಳೆಯೂ ಕಳಿಸಿ. ಆಡಲೇ ಇಲ್ಲ, ಆದರೆ ಧೀರ ಉತ್ತರಾರ್ಧ ಪಾಸಾಯಿತು ಎಂದರೆ ಕ್ಲಬ್ಬು ಬದಲಾಯಿಸಿ.